ಎರಡು ರೋಗನಿರೋಧಕ ವ್ಯವಸ್ಥೆಗಳ ನಡುವಿನ ಕೊಂಡಿ

ಫ್ಲೂ ತಗುಲಿದಾಗ ಹುಟ್ಟಿನಿಂದಲೇ ಬಂದ ರೋಗನಿರೋಧಕ ಶಕ್ತಿ ಕೆಲವೇ ಗಂಟೆಗಳಲ್ಲಿ ಎಚ್ಚೆತ್ತರೂ ನಿರ್ದಿಷ್ಟ ರೋಗಾಣುವನ್ನೇ ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಮತ್ತು ಬಿ ಕೋಶಗಳು ವಾರದಷ್ಟು ತಡಮಾಡುವುದೇಕೆ, ಇವೆರಡೂ ಪ್ರತ್ಯೇಕ ವ್ಯವಸ್ಥೆಗಳೇ ಎಂದು ತಾವು ಕೇಳಿದ್ದೀರಿ. ಪ್ರತ್ಯೇಕವಲ್ಲ, ಮೊದಲನೆಯದು ಸುಳಿವು ಕೊಡದೆ ಎರಡನೆಯದು ಸಾಮಾನ್ಯವಾಗಿ ಆರಂಭವಾಗುವುದೇ ಇಲ್ಲ.

ಮೊದಲನೆಯ ವ್ಯವಸ್ಥೆಯ ಕಾವಲು ಕೋಶಗಳಾದ ಶ್ವಾಸಕೋಶದ ಡೆಂಡ್ರೈಟಿಕ್ ಕೋಶಗಳು ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ, ಅದರ ಪ್ರೋಟೀನಿನ ತುಣುಕುಗಳನ್ನು ಹೊತ್ತು ರೋಗನಿರೋಧಕ ಕೋಶಗಳು ನೆಲೆಸಿರುವ ಸಮೀಪದ ದುಗ್ಧರಸ ಗ್ರಂಥಿಗೆ ಸಾಗಿ, ಅಲ್ಲಿ ಟಿ ಕೋಶಗಳಿಗೆ ತೋರಿಸುತ್ತವೆ. ತುಣುಕನ್ನು ತೋರಿಸಿದರಷ್ಟೇ ಸಾಲದು, ಅಪಾಯವಿದೆಯೆಂಬ ಎರಡನೆಯ ಸಂಕೇತವೂ ಅದೇ ಡೆಂಡ್ರೈಟಿಕ್ ಕೋಶದ ಮೇಲ್ಮೈಯಲ್ಲಿರಬೇಕು. ನಮ್ಮದೇ ಅಂಗಾಂಶಗಳ ಮೇಲೆ ದಾಳಿಯಾಗದಂತೆ ತಡೆಯಲು ನೆರವಾಗುವ ಈ ಏರ್ಪಾಡೇ ಇಡೀ ವಿಷಯದ ತಿರುಳೆಂದು ನಾನು ಭಾವಿಸುತ್ತೇನೆ. ಡೆಂಡ್ರೈಟಿಕ್ ಕೋಶಗಳನ್ನು 1973ರಲ್ಲಿ ವಿವರಿಸಿದವರಲ್ಲೊಬ್ಬರಾದ ರಾಲ್ಫ್ ಸ್ಟೈನ್‌ಮನ್ ಅವರು ತಮಗೆ ಸಂದ 2011ರ ನೊಬೆಲ್ ಪ್ರಶಸ್ತಿಯ ಘೋಷಣೆಗೆ ಮೂರು ದಿನ ಮೊದಲು ತೀರಿಕೊಂಡಿದ್ದರೆಂಬುದು ಇಂದಿಗೂ ಮನಸ್ಸನ್ನು ಕಲಕುತ್ತದೆ.

ಇನ್ನು ತಡವಾಗುವ ಕಾರಣ ಸರಳ: ಆ ನಿರ್ದಿಷ್ಟ ವೈರಸ್ಸನ್ನು ಗುರುತಿಸಬಲ್ಲ ಕೋಶಗಳು ದೇಹದಲ್ಲಿ ಬಹಳ ವಿರಳವಾಗಿದ್ದು, ಅವು ಮತ್ತೆ ಮತ್ತೆ ವಿಭಜನೆಗೊಂಡು ಸಾವಿರಾರು ಪಟ್ಟು ಹೆಚ್ಚಬೇಕು. ಹಾಗೆ ಹೆಚ್ಚಿದ ಟಿ ಕೋಶಗಳು ಸಂಕೇತ ಪ್ರೋಟೀನಾದ ಗಾಮಾ ಇಂಟರ್‌ಫೆರಾನ್ ಸ್ರವಿಸಿ, ರೋಗಾಣುಗಳನ್ನು ನುಂಗುವ ಮೊದಲನೆಯ ವ್ಯವಸ್ಥೆಯ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಹುರಿದುಂಬಿಸುತ್ತವೆ, ಬಿ ಕೋಶಗಳಿಂದ ಬರುವ ಪ್ರೋಟೀನುಗಳಾದ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಂಡು ಅದೇ ಮ್ಯಾಕ್ರೋಫೇಜ್‌ಗಳು ಅದನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆ.