ಬ್ಯಾಂಕಿನ ವಹಿವಾಟು ಎರಡೆರಡು ಬಾರಿ ಬರುವುದೇಕೆ?

ಪ್ರಶ್ನೆ: ಬ್ಯಾಂಕಿನ ಜಾಲತಾಣದಿಂದ ತಿಂಗಳಿಗೊಮ್ಮೆ ವಹಿವಾಟುಗಳ ಫೈಲನ್ನು ಇಳಿಸಿಕೊಂಡು, ಲೆಕ್ಕ ಇಡುವ ಗ್ನೂಕ್ಯಾಶ್ ತಂತ್ರಾಂಶಕ್ಕೆ ಸೇರಿಸುತ್ತೇನೆ. ಕೆಲವು ವಹಿವಾಟುಗಳು ಎರಡು ಬಾರಿ ದಾಖಲಾಗಿವೆ, ಕೆಲವು ತಾರೀಕುಗಳು ತಪ್ಪಾಗಿವೆ. ಸಿಎಸ್‌ವಿ, ಕ್ಯೂಐಎಫ್, ಒಎಫ್‌ಎಕ್ಸ್ ಈ ಮೂರು ಫೈಲ್ ಮಾದರಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಒಎಫ್‌ಎಕ್ಸ್ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಿ. ಇಂಟ್ಯೂಟ್, ಮೈಕ್ರೋಸಾಫ್ಟ್ ಮತ್ತು ಚೆಕ್‌ಫ್ರೀ ಸಂಸ್ಥೆಗಳು 1997ರಲ್ಲಿ ಹೊರತಂದ ಈ ಮಾದರಿಯಲ್ಲಿ ಪ್ರತಿಯೊಂದು ವಹಿವಾಟಿಗೂ ಬ್ಯಾಂಕೇ ಕೊಟ್ಟ ಒಂದು ಗುರುತು ಇರುತ್ತದೆ. ಅದನ್ನು ಫಿಟ್‌ಐಡಿ ಎನ್ನುತ್ತಾರೆ. ಒಂದು ಖಾತೆಯೊಳಗೆ ಒಂದು ಗುರುತು ಒಂದೇ ವಹಿವಾಟಿಗೆ ಸೇರಿದ್ದಾಗಿರಬೇಕೆಂಬುದು ನಿಯಮವಾದ್ದರಿಂದ, ಕಳೆದ ತಿಂಗಳ ಕೊನೆಯ ಕೆಲವು ದಿನಗಳು ಈ ತಿಂಗಳ ಫೈಲಿನಲ್ಲಿ ಮತ್ತೆ ಬಂದರೂ ತಂತ್ರಾಂಶವು ಅವನ್ನು ಗುರುತಿಸಿ ಬಿಟ್ಟುಬಿಡಬಲ್ಲದು. ತಾರೀಕನ್ನೂ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಬರೆಯುವುದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಹಳೆಯದಾದ ಕ್ಯೂಐಎಫ್‌ನಲ್ಲಿ ಇಂಥ ಗುರುತಿಲ್ಲ, ತಾರೀಕಿನ ಕ್ರಮವೂ ನಿಗದಿಯಾಗಿಲ್ಲ. 03/04 ಎಂದಿದ್ದರೆ ಅದು ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ದಿನದ ಅಂಕಿ 12ನ್ನು ದಾಟಿದಾಗ ಮಾತ್ರ ತಪ್ಪು ಕಣ್ಣಿಗೆ ಬೀಳುವುದರಿಂದ, ನಿಮ್ಮ ಲೆಕ್ಕದಲ್ಲಿ ಕೆಲವೇ ತಾರೀಕುಗಳು ಕೆಟ್ಟಂತೆ ಕಾಣುವುದಕ್ಕೆ ಇದೇ ಕಾರಣವಿರಬಹುದು. ಉಳಿದವನ್ನೂ ದಯವಿಟ್ಟು ಪರಿಶೀಲಿಸಿ.

ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿಯಾದ ಸಿಎಸ್‌ವಿ ಮಾತ್ರ ಸಿಗುವುದಾದರೆ, ಯಾವ ಕಂಬಸಾಲು ತಾರೀಕು, ಯಾವುದು ಜಮಾ, ಯಾವುದು ಖರ್ಚು ಎಂಬುದನ್ನು ಮೊದಲ ಬಾರಿಗೆ ನೀವೇ ತೋರಿಸಿಕೊಡಬೇಕು. ಆ ಹೊಂದಾಣಿಕೆಯನ್ನು ಗ್ನೂಕ್ಯಾಶ್‌ನಲ್ಲಿ ಒಂದು ಹೆಸರಿಟ್ಟು ಉಳಿಸಿಟ್ಟುಕೊಳ್ಳಬಹುದು. ಇಳಿಸಿಕೊಂಡ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಅದು 15 ಅಂಕಿಗಳಿಗಿಂತ ಉದ್ದದ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆಯಾಗಿಸುತ್ತದೆ, ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳನ್ನು ಅಳಿಸುತ್ತದೆ. ಉಲ್ಲೇಖ ಸಂಖ್ಯೆಗಳು ಹೀಗೆ ಕೆಟ್ಟರೆ ಮುಂದೆ ಯಾವ ಪಾವತಿ ಯಾವುದೆಂದು ಹುಡುಕುವುದು ಬಹಳ ಕಷ್ಟ.

ನಿಮ್ಮದೇ ಎರಡು ಖಾತೆಗಳ ನಡುವಿನ ವರ್ಗಾವಣೆ ಬೇರೆ ಬಗೆಯದು. ಅದು ಎರಡೂ ಖಾತೆಗಳ ಫೈಲಿನಲ್ಲಿ ಬೇರೆ ಬೇರೆ ಗುರುತಿನೊಂದಿಗೆ ಬರುವುದರಿಂದ ಒಎಫ್‌ಎಕ್ಸ್ ಬಳಸಿದರೂ ಎರಡು ಬಾರಿ ದಾಖಲಾಗಬಹುದು. ಎರಡನೆಯ ಫೈಲನ್ನು ಸೇರಿಸುವಾಗ ತೋರಿಬರುವ ಹೊಂದಾಣಿಕೆಯ ಪಟ್ಟಿಯಲ್ಲಿ, ಈಗಾಗಲೇ ಇರುವ ದಾಖಲೆಗೆ ಅದನ್ನು ಕೈಯಾರೆ ಜೋಡಿಸಬೇಕು. ಕ್ರೆಡಿಟ್ ಕಾರ್ಡಿನ ಬಿಲ್ ಪಾವತಿಗೂ ಇದು ಅನ್ವಯಿಸುತ್ತದೆ.

ಯಾವ ಮಾದರಿಯಾದರೂ, ಪ್ರತಿ ಬಾರಿ ಸೇರಿಸಿದ ಮೇಲೆ ತಂತ್ರಾಂಶ ತೋರಿಸುವ ಅಂತಿಮ ಶಿಲ್ಕನ್ನು ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡಿ. ಈಗ ಸೇರಿಹೋಗಿರುವ ನಕಲುಗಳನ್ನು ಅಳಿಸುವ ಮುನ್ನ ಲೆಕ್ಕದ ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಒಂದೇ ದಿನ ಒಂದೇ ಮೊತ್ತದ ಎರಡು ಪಾವತಿಗಳು ನಿಜವಾಗಿಯೂ ನಡೆದಿರಬಹುದಾದ್ದರಿಂದ, ಪ್ರತಿಯೊಂದನ್ನೂ ಬ್ಯಾಂಕಿನ ಪಟ್ಟಿಯಲ್ಲಿ ನೋಡಿದ ಮೇಲೆಯೇ ಅಳಿಸಿ.