ಬೈಕ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ದೊಡ್ಡ ಹೈವೇ ಬಿಟ್ಟು ಹೋಗಬೇಕು. ಮ್ಯಾಪ್‌ನಲ್ಲಿ ಹೇಗೆ ಸೆಟ್ ಮಾಡುವುದು?

ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಹಾಗಾಗಿ ಗೂಗಲ್ ಮ್ಯಾಪ್ಸ್‌ನಲ್ಲಿ ಮೊದಲು ಕಾರಿನ ಬದಲು ಬೈಕ್ ಚಿತ್ರ ಒತ್ತಿ. ಆಮೇಲೆ ದಾರಿಯ ಆಯ್ಕೆಗಳಿಗೆ ಹೋಗಿ ಹೈವೇ ಬೇಡ ಅಂತ ಹೇಳಿ. ಬೈಕಿಗೆ ಟೋಲ್ ಇಲ್ಲ ನಿಜ, ಆದರೂ ಟೋಲ್ ಕೂಡ ಬೇಡ ಅನ್ನಿ. ಗೇಟ್ ಇರುವುದು ದೊಡ್ಡ ರಸ್ತೆಗಳಿಗೇ ಜಾಸ್ತಿ, ಅಲ್ವಾ?

ಇಷ್ಟೇ ಸಾಲದು. ಆ್ಯಪ್ ನಿಮ್ಮನ್ನು ಎಕ್ಸ್‌ಪ್ರೆಸ್‌ವೇ ಪಕ್ಕದ ಸರ್ವಿಸ್ ರಸ್ತೆಗೇ ತಳ್ಳಬಹುದು. ದಾರಿಯನ್ನು ನೀವೇ ಕಟ್ಟಿಕೊಡಿ: ಕನಕಪುರ, ಮಳವಳ್ಳಿ, ಬನ್ನೂರು (ಹೌದು, ಕುರಿಗೆ ಹೆಸರಾದ ಬನ್ನೂರೇ) ಮೂರನ್ನೂ ನಡುವಿನ ಸ್ಟಾಪ್‌ಗಳಾಗಿ ಸೇರಿಸಿ. ಮಳವಳ್ಳಿವರೆಗಿನದು ಕೂಡ ರಾಷ್ಟ್ರೀಯ ಹೆದ್ದಾರಿ 948. ಆದರೆ ಅದು ಎಕ್ಸ್‌ಪ್ರೆಸ್‌ವೇ ಅಲ್ಲ, ಬೈಕಿಗೆ ಯಾರ ತಕರಾರೂ ಇಲ್ಲ.

ಸ್ಟಾಪ್‌ಗೆ ಸುಮ್ನೆ ಊರಿನ ಹೆಸರು ಹಾಕಿದರೆ ಪಿನ್ ಪೇಟೆ ಮಧ್ಯೆ ಬಿದ್ದು, ನಿಮ್ಮನ್ನು ಸಂತೆಯೊಳಗೆ ಎಳೆಯುತ್ತದೆ. ಊರು ದಾಟಿದ ಮೇಲೆ ರಸ್ತೆಯ ಮೇಲೇ ಬೆರಳು ಒತ್ತಿ ಹಿಡಿದು ಪಿನ್ ಇಡಿ. ನಡುವೆ ಡಿವೈಡರ್ ಇದ್ದರೆ ಝೂಮ್ ಮಾಡಿ ನೋಡಿ. ಪಿನ್ ಆಚೆ ಬದಿಗೆ ಬಿದ್ದರೆ ಸುಮ್ಮನೆ ಯೂ ಟರ್ನ್ ಹೊಡೆಸುತ್ತದೆ.

ಹೊರಡುವ ಮೊದಲು ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಇಂಥದ್ದೇ ರಸ್ತೆ ಬೇಡ ಅಂತ ಗುರುತು ಹಾಕುವ ಆಸೆ ಇದ್ದರೆ ಇನ್ನೊಂದು ಮ್ಯಾಪ್ ಆ್ಯಪ್ ಆದ ಓಎಸ್‌ಎಂಆ್ಯಂಡ್ ನೋಡಿ. ಕಲಿಯಲು ಸ್ವಲ್ಪ ತಾಳ್ಮೆ ಬೇಕು, ಆದರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ.