ಎಂ.ಎ. ಇಂಗ್ಲಿಷ್ ಮುಗಿಸಿ ಟೀಸಾಲ್‌ಗೆ ಹೊರಟ ತಂಗಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ತಿಪಟೂರಿನ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದೀಯ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂ.ಎ. ಟೀಸಾಲ್‌ಗೆ, ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅಂತ ಓದಿಸುವ ಕೋರ್ಸಿಗೆ, ಸೀಟು ಸಿಕ್ಕಿದೆ. ಬಂದರೆ ಕೆಲಸ ಸಿಗುತ್ತಾ, ಯಜಮಾನರನ್ನ ಕರ್ಕೊಂಡು ಬರಬಹುದಾ, ನಮ್ಮ ಇಂಗ್ಲಿಷ್ ಒಪ್ತಾರಾ, ಊಟಕ್ಕೇನು, ಕುಕ್ಕರ್ ತರಬೇಕಾ, ಇಷ್ಟು ತಾನೇ ನಿನ್ನ ಪ್ರಶ್ನೆ?

ಯಜಮಾನರನ್ನ ಕರ್ಕೊಂಡು ಬರೋಕಾಗಲ್ಲ. ಸಂಶೋಧನೆಯದ್ದಲ್ಲದ ಮಾಸ್ಟರ್ಸ್‌ಗೆ ಬರುವವರು 2024ರ ಜನವರಿಯಿಂದ ಸಂಸಾರ ತರುವ ಹಾಗಿಲ್ಲ. ಊಟದ ಚಿಂತೆ ಬೇಡ, ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಿವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತಾ.

ನಾನು ಬಂದಿಳಿದ ಹೊಸದರಲ್ಲಿ ಬಸ್ ಡ್ರೈವರ್ ಟಿಕೆಟ್ ಕೊಡ್ತಾ 'ಮಿ ಡಕ್' ಅಂದ. ಅರಸೀಕೆರೆಯಲ್ಲಿ ಷೇಕ್ಸ್‌ಪಿಯರ್ ಪಾಠ ಹೇಳಿ ಬಂದವಳು ಬೆಪ್ಪಾಗಿ ನಿಂತೆ. ಈ ಸೀಮೆಯಲ್ಲಿ ಅದು ಸಲಿಗೆಯ ಮಾತಂತೆ. ಸಾಹಿತ್ಯ ಓದಿದ ಬಲದ ಮೇಲೆ ಇಲ್ಲಿ ಬಸ್ಸೂ ಹತ್ತೋಕಾಗಲ್ಲ ಅನ್ನಿಸಿತು.

ಟೀಸಾಲ್ ಎಂ.ಎ.ಯಲ್ಲಿ ಭಾಷೆ ಹೇಗೆ ತಲೆಗೆ ಹತ್ತುತ್ತೆ, ಉಚ್ಚಾರಣೆ, ಪಠ್ಯ ತಯಾರಿ ಎಲ್ಲ ಓದಿಸ್ತಾರೆ. ಆದರೆ ಎಷ್ಟೋ ಕಡೆ ನಿಜವಾದ ಕ್ಲಾಸಿನ ಮುಂದೆ ನಿಲ್ಲಿಸೋದೇ ಇಲ್ಲ. ಅದಕ್ಕೇ ಕೆಲಸ ಕೊಡುವವರು ಎಂ.ಎ. ನೋಡಿ 'ಸೆಲ್ಟಾ ಇದೆಯಾ' ಅಂತಾರೆ. ಅದು ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಜ್‌ನವರು ಕೊಡುವ ಸರ್ಟಿಫಿಕೇಟು, ಸುಮಾರು 120 ಗಂಟೆಯದ್ದು. ನಾಲ್ಕು ಅಸೈನ್‌ಮೆಂಟ್, ಜೊತೆಗೆ ಎರಡು ಹಂತದ ವಿದ್ಯಾರ್ಥಿಗಳಿಗೆ ಒಟ್ಟು 6 ಗಂಟೆ ಪಾಠ. ಆರೇ ಗಂಟೆ ಅನ್ನಬೇಡ, ಹಿಂದೆ ಟ್ರೈನರ್ ಕೂತು ಬರ್ಕೊಳ್ತಿರ್ತಾರೆ.

ಸೆಲ್ಟಾ ಮಾಡುವಾಗ ನನ್ನ ಪಾಲಿಗೆ ಒಂದಿನ 'ಯೂಸ್ಡ್ ಟು' ಪಾಠ ಬಂತು, ಮುಂಚೆ ಮಾಡ್ತಿದ್ದು ಈಗ ಬಿಟ್ಟಿದ್ದನ್ನ ಹೇಳೋಕೆ ಬಳಸೋದು. ಪಿಯು ಗತ್ತಿನಲ್ಲೇ ಬೋರ್ಡ್ ತುಂಬ ನಿಯಮ ಬರೆದು, 'ಅರ್ಥ ಆಯ್ತಾ?' ಅಂತ ಕೇಳಿದೆ. ಎಲ್ಲರೂ ತಲೆ ಆಡಿಸಿದರು. ಆಮೇಲೆ ಟ್ರೈನರ್ ಕೇಳಿದ್ದು ಒಂದೇ: 'ಅವರಲ್ಲಿ ಯಾರಿಗೆ ಅರ್ಥ ಆಗಿಲ್ಲ, ಹೇಳಿ ನೋಡೋಣ.' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮಾಡಿ ತೋರಿಸಿದ್ದು ಹೀಗೆ. 'ಹೀ ಯೂಸ್ಡ್ ಟು ಸ್ಮೋಕ್' ಅಂತ ಬರೆದರು. ಮುಂಚೆ ಸೇದ್ತಿದ್ದನಾ? ಹೌದು. ಒಂದೇ ಸಲವಾ? ಅಲ್ಲ. ಈಗ ಸೇದ್ತಾನಾ? ಅಲ್ಲಿ ಇಬ್ಬರು 'ಹೌದು' ಅಂದರು. ಯಾರಿಗೆ ಅರ್ಥ ಆಗಿಲ್ಲ ಅನ್ನೋದು ಅಷ್ಟರಲ್ಲೇ ಗೊತ್ತಾಯ್ತು.

ಅವತ್ತಿನಿಂದ ನನ್ನ ಹಳೇ ಕಾಲೇಜಿನ ಹಿಂದಿನ ಬೆಂಚು ಕಾಡ್ತಾ ಇರುತ್ತೆ. 'ಆಯ್ತು ಮಿಸ್' ಅಂದು, ಗೈಡ್ ಉರು ಹೊಡೆದು ಪಾಸಾಗಿ ಹೋದ ಕನ್ನಡ ಮೀಡಿಯಂ ಹುಡುಗರು. ಊರಿಗೆ ಹೋದಾಗ ಸಿಕ್ಕರೆ ಇಂಗ್ಲೆಂಡ್ ಮೇಡಂ ಅಂತ ಕೈ ಮುಗೀತಾರೆ, ನನಗೆ ಮುಖ ಎತ್ತೋಕಾಗಲ್ಲ. ನಿನ್ನ ಮುಂದೆ ಈ ಟರ್ಮ್ ಇನ್ನೂ ಕ್ಲಾಸಿದೆ. 'ಅರ್ಥ ಆಯ್ತಾ' ಬಿಟ್ಟು ಒಂದು ವಾರ ಪಾಠ ಮಾಡಿ ನೋಡು.

ಇನ್ನು ಕೆಲಸ. ವಲಸೆ ಬಂದ ದೊಡ್ಡವರಿಗೆ ಕಾಲೇಜುಗಳಲ್ಲಿ ಈಸಾಲ್ ಅಂತ ಇಂಗ್ಲಿಷ್ ಕ್ಲಾಸ್ ನಡೆಯುತ್ತೆ. ಹಂತಗಳು ತೀರಾ ಕೆಳಗಿನ ಎಂಟ್ರಿ 1ರಿಂದ 3, ಆಮೇಲೆ ಲೆವೆಲ್ 1, 2. ಬಹಳಷ್ಟು ಗಂಟೆ ಲೆಕ್ಕದ ಕೆಲಸ, ವೀಸಾ ಸ್ಪಾನ್ಸರ್ ಮಾಡುವವರು ಅಪರೂಪ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ಇರುವಾಗ ವಾರಕ್ಕೆ 20 ಗಂಟೆ ದುಡಿಯಬಹುದು, ಆದರೆ ಸ್ವಂತ ಟ್ಯೂಷನ್ ಹೇಳೋ ಹಾಗಿಲ್ಲ. ನಮ್ಮವರು ಇದನ್ನ ಹಗುರವಾಗಿ ತಗೊಳ್ತಾರೆ, ನೀನು ತಗೋಬೇಡ. ಓದು ಮುಗಿದ ಮೇಲೆ ಇಲ್ಲೇ ಇದ್ದು ದುಡಿಯೋಕೆ ಸಿಗುವ ಗ್ರ್ಯಾಜುಯೇಟ್ ವೀಸಾ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ 18 ತಿಂಗಳೇ. ಸಾಲದ ಕಂತು ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ನಮ್ಮ ಇಂಗ್ಲಿಷ್ ಒಪ್ತಾರಾ ಅಂತಲೂ ಕೇಳಿದ್ದೀಯ. ಒಂದು ಇಂಟರ್‌ವ್ಯೂನಲ್ಲಿ ನನಗೆ 'ನೇಟಿವ್ ಸ್ಪೀಕರ್ ಬೇಕಿತ್ತು' ಅಂದು ಕಳಿಸಿದ್ದುಂಟು. ನಾನು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಕಲಿತವಳು. ಈಗ ನನ್ನ ಎಂಟ್ರಿ 1 ಕ್ಲಾಸಿನಲ್ಲಿ ಜೀವಮಾನದಲ್ಲೇ ಮೊದಲ ಸಲ ಪೆನ್ನು ಹಿಡಿದ ಅಜ್ಜಿಯೊಬ್ಬರಿದ್ದಾರೆ. ಅವರು 'ಬಿ' ಬರೆಯೋಕೆ ಹೋಗಿ 'ಡಿ' ಬರೆದರೆ ಕೈ ಎಲ್ಲಿ ತಪ್ಪಿತು ಅಂತ ನನಗೆ ಥಟ್ಟನೆ ಗೊತ್ತಾಗುತ್ತೆ. ಆ ನೇಟಿವ್ ಸ್ಪೀಕರ್‌ಗೆ ಗೊತ್ತಾಗುತ್ತಾ, ನೀನೇ ಹೇಳು.

ಬಾ ಅಂತಲೂ ಅನ್ನಲ್ಲ, ಬರಬೇಡ ಅಂತಲೂ ಅನ್ನಲ್ಲ. ರಾಜೀನಾಮೆ ಮಾತ್ರ ಈಗಲೇ ಕೊಡಬೇಡ. ಸಂಬಳ ಇಲ್ಲದ ರಜೆ ಸಿಗುತ್ತಾ ಅಂತ ಪ್ರಿನ್ಸಿಪಾಲರನ್ನ ಕೇಳು. ಕುಕ್ಕರ್ ಇಲ್ಲೇ ಸಿಗುತ್ತೆ.